ಬರಿಗೈಯ ವಾಸನೆ

ಕೆಂಪು ದೀಪ ಹೊತ್ತಿತು.

ದೊಡ್ಡಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ಮೈಮೇಲಿನ ಬಟ್ಟೆಗೆ ಒರೆಸಿಕೊಂಡಳು. ಮತ್ತೆ ಎರಡೂ ಅಂಗೈ ಚಾಚಿ ಆ ಬಿಳಿ ಪೆಟ್ಟಿಗೆಯ ಬಾಯಿಗೆ ಹಿಡಿದಳು. ಪೆಟ್ಟಿಗೆ ಉಸಿರೆಳೆದುಕೊಂಡಿತು. ಒಳಗೆಲ್ಲೋ ಸಣ್ಣ ಫ್ಯಾನು ಗುಂಯ್ ಎಂದಿತು. ಮತ್ತೆ ಕೆಂಪು.

"ದಯವಿಟ್ಟು ಪಕ್ಕಕ್ಕೆ ನಿಲ್ಲಿ," ಎಂದಿತು ಪೆಟ್ಟಿಗೆ. ಇಂಪಾದ ಹೆಣ್ಣು ದನಿ.

ಇಪ್ಪತ್ತೆಂಟು ವರ್ಷದಿಂದ ಅವಳು ಆ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಷ್ಟು ವರ್ಷದಲ್ಲಿ ಮೇಲಿನವರು ಯಾರೂ ಅವಳಿಗೆ ದಯವಿಟ್ಟು ಎಂದಿರಲಿಲ್ಲ. ಮೊದಲ ಸಲ ಅಂದದ್ದು ಈ ಪೆಟ್ಟಿಗೆ. ಅದೂ ಆಚೆ ನಿಲ್ಲಿಸಲಿಕ್ಕೆ.

ವಾರ್ಡಿನ ಬಾಗಿಲ ಕಾವಲಿನವನು ಮುಖ ತಿರುಗಿಸಿಕೊಂಡ.

"ನಿನ್ನೆ ತನಕ ಒಳಗೆ ಬಿಡ್ತಿದ್ದೆಯಲ್ಲೋ ತಮ್ಮ," ಎಂದಳು.

"ನಿನ್ನೆ ತನಕ ಇದು ಇರ್ಲಿಲ್ವಲ್ಲಕ್ಕ."

"ಸ್ನಾನ ಮಾಡ್ಕೊಂಡೇ ಬಂದಿದೀನಿ. ತಲೆಗೂ ನೀರು ಹಾಕ್ಕೊಂಡಿದೀನಿ. ನೋಡು, ಇನ್ನೂ ಒದ್ದೆ ಇದೆ."

"ನನ್ನ ಮೂಗಿಗೇನೋ ನೀವು ಚೆನ್ನಾಗೇ ಇದೀರ. ನನ್ನ ಮೂಗನ್ನ ಯಾರು ಕೇಳ್ತಾರೆ ಹೇಳಿ?" ಅವನು ತಲೆ ಎತ್ತದೆ ಕಣ್ಣಿನಲ್ಲೇ ಮೇಲೆ ತೋರಿಸಿದ. ಗೋಡೆಯ ಮೂಲೆಯಲ್ಲಿ ಕ್ಯಾಮೆರಾ. "ಕೆಂಪು ಬಂದವರನ್ನ ಬಿಟ್ರೆ, ಬಿಟ್ಟವನು ಮನೆಗೆ. ಸಹಿ ಹಾಕಿಸ್ಕೊಂಡಿದಾರೆ."

ಬಾಗಿಲಿಗೆ ಗೇಣಗಲದ ಗಾಜು ಇತ್ತು. ದೊಡ್ಡಕ್ಕ ಗಾಜಿಗೆ ಹಣೆ ಹಚ್ಚಿದಳು. ಎರಡೂ ಕಡೆ ಮಂಚಗಳ ಸಾಲು. ಕಡೆಯ ಮಂಚ ಅವ್ವನದು. ಮುಖ ಕಾಣುತ್ತಿರಲಿಲ್ಲ. ಪಾದಗಳಷ್ಟೇ ಕಾಣುತ್ತಿದ್ದವು. ಎಡಗಾಲಿಗೆ ನೀಲಿ ಕಾಲುಚೀಲ ಇತ್ತು. ಬಲಗಾಲಿನದು ಕಳಚಿ ಎಲ್ಲೋ ಹೋಗಿತ್ತು. ಅವ್ವನಿಗೆ ಕಾಲು ತಣ್ಣಗಾದರೆ ಕೆಮ್ಮು ಹೆಚ್ಚುತ್ತಿತ್ತು. ಯಾರಾದರೂ ಹೋಗಿ ಆ ಕಾಲುಚೀಲ ಹಾಕಬೇಕಿತ್ತು.

ಅವ್ವನೂ ಅದೇ ಲಾಂಡ್ರಿಯಲ್ಲಿ ಮೂವತ್ತು ವರ್ಷ ದುಡಿದವಳು. ಬ್ಲೀಚಿಂಗ್ ಪುಡಿಯ ಹೊಗೆ ಕುಡಿದು ಕುಡಿದು ಎದೆಯ ಗೂಡು ಸವೆದುಹೋಗಿತ್ತು. ನಿನ್ನೆ ಡಾಕ್ಟರು ದೊಡ್ಡಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಇನ್ನು ಹೆಚ್ಚು ದಿನ ಇಲ್ಲ. ಹತ್ತಿರ ಇರಿ." ನಿನ್ನೆ ಅಷ್ಟು ಹೇಳಿದ್ದರು. ಇವತ್ತು ಬೆಳಿಗ್ಗೆ ಬಾಗಿಲಿಗೆ ಪೆಟ್ಟಿಗೆ ಕೂರಿಸಿದ್ದರು.

ಅವ್ವನಿಗೆ ನೆನಪು ಹರಿದುಹೋಗಿತ್ತು. ಒಂದು ಕಾಲಕ್ಕೆ ಅವಳ ಬಾಯಲ್ಲಿ ನೂರಾರು ಹಾಡುವ ಪದಗಳಿದ್ದವು. ಕಲ್ಲಿನ ಮೇಲೆ ಬಟ್ಟೆ ಸೆಳೆಯುವಾಗ ಒಂದೊಂದು ಏಟಿಗೆ ಒಂದೊಂದು ಸಾಲು. ದೊಡ್ಡಕ್ಕ ಅಕ್ಷರ ಕಲಿಯಲಿಲ್ಲ, ಅವನ್ನು ಕೇಳಿ ಬೆಳೆದಳು. ಈಗ ಅವ್ವನ ಬಳಿ ಉಳಿದದ್ದು ಮೊದಲ ಸಾಲುಗಳು ಮಾತ್ರ. ದಿನಾ ಸಂಜೆ ಮೊದಲ ಸಾಲು ಹೇಳಿ ಮಗಳ ಮುಖ ನೋಡುತ್ತಿದ್ದಳು. ಮಗಳು ಎರಡನೆಯದನ್ನು ಹೇಳಬೇಕು. ಹೇಳುವ ತನಕ ಅವ್ವ ಕಣ್ಣು ಮುಚ್ಚುತ್ತಿರಲಿಲ್ಲ.

ಒಗೆದ ಬಟ್ಟೆಯ ಹಾಗೆ ಹಗುರಾಗಿ ಬರುವೆನು, ಎನ್ನುವಳು ಅವ್ವ.

ಮಡಿಸಿ ಇಟ್ಟುಕೊ ತಂದೆ ನಿನ್ನ ಮಡಿಲಲ್ಲಿ, ಎನ್ನುವಳು ಮಗಳು.

ಅಷ್ಟಾದರೆ ನಿದ್ದೆ.

ದೊಡ್ಡಕ್ಕ ಗಾಜಿಗೆ ಹಣೆ ಹಚ್ಚಿ ನಿಂತಿರುವಾಗಲೇ ಕಸದಣ್ಣ ಬಂದ. ಬೆನ್ನ ಮೇಲೆ ಕಸದ ಡ್ರಮ್ಮು ಹೊತ್ತು ಹೊತ್ತು ಗೂನಾದವನು. ಮಧ್ಯಾಹ್ನದಿಂದಲೇ ಕುಡಿಯುವವನು. ಅವನು ಬರುವ ಮೊದಲೇ ಅವನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಅವನು ಎರಡೂ ಕೈ ಪೆಟ್ಟಿಗೆಗೆ ಚಾಚಿದ. ಉಗುರುಗಳ ಒಳಗೆ ಕಪ್ಪು ಕೂತಿತ್ತು.

ಹಸಿರು.

"ಸ್ವಾಗತ," ಎಂದಿತು ಪೆಟ್ಟಿಗೆ.

ಕಸದಣ್ಣನೇ ಬೆಚ್ಚಿಬಿದ್ದ. "ಏನಂತು? ನನಗಾ ಹೇಳಿದ್ದು? ನನ್ನ ಹೆಂಡ್ತಿನೂ ನನಗೆ ಹೀಗೆ ಬಾ ಅಂದಿಲ್ವಲ್ಲೋ!"

ಕಾವಲಿನವನು ನಕ್ಕ. ಆಮೇಲೆ ದೊಡ್ಡಕ್ಕನ ಮುಖ ನೋಡಿ ನಗು ನುಂಗಿಕೊಂಡ.

ಆ ಪೆಟ್ಟಿಗೆಗೆ ಮೂಗು ಕೊಟ್ಟವಳು ದೊಡ್ಡಕ್ಕನೇ. ಅದನ್ನು ಹೇಳಬೇಕು.

ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ. ಮೇಲಿನ ಮಹಡಿಗಳಿಂದ ತಗಡಿನ ಕೊಳವೆಯಲ್ಲಿ ಮೈಲಿಗೆ ಬಟ್ಟೆಯ ಗಂಟುಗಳು ಧೊಪ್ಪೆಂದು ಬೀಳುತ್ತವೆ. ಬಿದ್ದ ಗಂಟನ್ನು ಬಿಚ್ಚಬೇಕು. ಬಿಚ್ಚಿ ಬೇರೆ ಮಾಡಬೇಕು. ರಕ್ತದ್ದು ತಣ್ಣೀರಿಗೆ. ಬಿಸಿ ತಾಗಿದರೆ ಕಲೆ ಸಾಯುವ ತನಕ ಹೋಗುವುದಿಲ್ಲ. ಉಚ್ಚೆಯದು ಸೋಡಾ ನೀರಿಗೆ. ಕೀವಿನದು ಕುದಿಯುವ ಹಂಡೆಗೆ. ಕಣ್ಣಿಗೆ ಎಲ್ಲವೂ ಒಂದೇ ಹಳದಿ. ಮೂಗಿಗೆ ಬೇರೆ ಬೇರೆ. ಗುಣವಾಗುವ ಗಾಯದ ಕೀವು ಬೇರೆ, ಕೊಳೆಯುವ ಗಾಯದ ಕೀವು ಬೇರೆ. ದೊಡ್ಡಕ್ಕ ಗಂಟು ಬಿಚ್ಚುವ ಮೊದಲೇ ಹೇಳಿಬಿಡುತ್ತಿದ್ದಳು. ಅವ್ವ ಕಲಿಸಿದ ವಿದ್ಯೆ.

ಆ ವಿದ್ಯೆಯಲ್ಲಿ ಒಂದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಉಸಿರು ನಿಂತ ಮೈಯ ಕೆಳಗಿದ್ದ ಬೆಡ್‌ಶೀಟು. ಲಾಂಡ್ರಿಯ ಹೆಂಗಸರು ಅದನ್ನು ಕಡೆಯ ಹಾಸು ಎನ್ನುತ್ತಿದ್ದರು. ಅದಕ್ಕೊಂದು ವಾಸನೆ ಇದೆ. ಕೆಟ್ಟದ್ದಲ್ಲ. ಒಲೆ ಆರಿದ ಮೇಲಿನ ಬೂದಿಯ ಹಾಗೆ, ತಣ್ಣಗೆ. ಅದು ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅದನ್ನು ಮೆಷಿನ್ನಿಗೆ ಹಾಕುವುದಿಲ್ಲ. ಬೇರೆ ಬಟ್ಟೆಯ ಜೊತೆ ಸೇರಿಸುವುದಿಲ್ಲ. ಯಾರ ಕೈಗೆ ಬಂತೋ ಅವರೇ ಹೊಸ ನೀರಿನಲ್ಲಿ, ಕೈಯಲ್ಲೇ ಒಗೆಯಬೇಕು. ಒಗೆದವರೇ ಮಡಿಸಬೇಕು. ಯಾರು ಮಾಡಿದ ನೇಮವೋ, ಯಾವ ಕಾಗದದಲ್ಲೂ ಇರಲಿಲ್ಲ. ಆದರೂ ನಡೆಯುತ್ತಿತ್ತು.

ಎರಡು ತಿಂಗಳ ಹಿಂದೆ ಮೂರನೇ ಮಹಡಿಯ ವಾರ್ಡಿನಲ್ಲಿ ನಾಲ್ಕು ಜನರ ಗಾಯ ಕೊಳೆತವು. ಕಾಯಿಲೆ ಕೆಳಗಿಂದ ಬಂತು ಎಂದು ಮೇಲಿನವರು ತೀರ್ಮಾನ ಮಾಡಿದರು. ಕೆಳಗೆ ಇರುವವರು ಯಾರು? ಬಟ್ಟೆ ಒಗೆಯುವವರು, ಕಸ ಹೊರುವವರು. ಬಾಗಿಲಲ್ಲೇ ಕೈಯ ಕೊಳಕನ್ನು ಕಂಡುಹಿಡಿಯುವ ಯಂತ್ರ ತರಿಸಿದರು.

ಯಂತ್ರದ ಜೊತೆ ಒಬ್ಬ ಇಂಜಿನಿಯರ್ ಬಂದ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಮೆತ್ತಗಿನ ಮಾತು. "ಇದಕ್ಕಿನ್ನೂ ಏನೂ ಗೊತ್ತಿಲ್ಲ. ಎಳೆ ಮಗು ಥರ. ನಾವು ಕಲಿಸ್ಬೇಕು," ಎಂದ. ಗಿಡ್ಡಿ ಅವತ್ತೇ ಅವನಿಗೆ ಮೇಷ್ಟ್ರು ಎಂದು ಹೆಸರಿಟ್ಟಳು. ಗಿಡ್ಡಿ ದೊಡ್ಡಕ್ಕನ ಜೊತೆ ಹಂಡೆಯ ಹತ್ತಿರ ಕೆಲಸ ಮಾಡುವವಳು. ಹಂಡೆಯೊಳಗೆ ಇಣುಕಲು ಇಟ್ಟಿಗೆ ಹತ್ತುವಷ್ಟು ಕುಳ್ಳಿ. ಬಾಯಿ ಮಾತ್ರ ಆಳುದ್ದ.

ಕೊಳಕಿನ ವಾಸನೆಗಳನ್ನು ಗುರುತಿಸಿ ಹೇಳಬಲ್ಲವರು ಯಾರು ಎಂದು ಮೇಷ್ಟ್ರು ಕೇಳಿದ. ಸೂಪರ್‌ವೈಸರ್ ಬೆರಳು ತೋರಿಸಿದ. "ಇವಳು. ನಾಯಿ ಮೂಗು ಇವಳದು."

ಹೊಗಳಿಕೆ ಎಂದೇ ಅವನು ತಿಳಿದಿದ್ದ.

ಹನ್ನೊಂದು ದಿನ ಪಾಠ ನಡೆಯಿತು. ಮೊದಲನೆಯ ದಿನ ದೊಡ್ಡಕ್ಕ ರಬ್ಬರಿನ ಕೈಗವಸು ಹಾಕಿಕೊಂಡು ಕೀವಿನ ಬಟ್ಟೆಯ ತುಂಡೊಂದನ್ನು ಪೆಟ್ಟಿಗೆಯ ಬಾಯಿಗೆ ಹಿಡಿದಳು. ಮೇಷ್ಟ್ರು ಗಾಬರಿಯಾದ.

"ಅಯ್ಯೋ, ಗ್ಲೌಸ್ ತೆಗೀರಿ. ರಬ್ಬರಿನ ವಾಸನೆ ಸೇರ್ಕೊಂಡ್ಬಿಡುತ್ತೆ. ಬರಿಗೈಲಿ ಹಿಡೀರಿ."

"ನಿಮ್ಮ ಹತ್ರ ಇಕ್ಕಳ ಇದೆಯಲ್ಲ ಸಾರ್," ಎಂದಳು ಗಿಡ್ಡಿ.

"ಇದು ಕ್ಲೀನ್ ಬಟ್ಟೆ ಹಿಡಿಯೋಕೆ. ಅದನ್ನ ಹಿಡಿದ್ರೆ ಇಕ್ಕಳ ಗಲೀಜಾಗುತ್ತೆ."

ದೊಡ್ಡಕ್ಕ ಕೈಗವಸು ತೆಗೆದಳು. ಬರಿಗೈಯಲ್ಲಿ ಹಿಡಿದಳು. ಕೀವು ಹಿಡಿದಳು. ವಾಂತಿ ಹಿಡಿದಳು. ಹೇಲು ಹಿಡಿದಳು. ಅವಳ ಕೈ ಸೋತಾಗ ಗಿಡ್ಡಿ ಹಿಡಿದಳು. ಪ್ರತಿಸಲ ಪೆಟ್ಟಿಗೆ ಉಸಿರೆಳೆದಾಗ ಮೇಷ್ಟ್ರು ದೂರದಲ್ಲಿ ಕೂತು ಕಂಪ್ಯೂಟರಿನಲ್ಲಿ 'ಕೊಳಕು' ಎಂದು ಒತ್ತಿದ. ಮಧ್ಯೆ ಮಧ್ಯೆ ಅವನೇ ಎದ್ದು ಬಂದು, ಹೊಸ ಪೊಟ್ಟಣ ಒಡೆದು, ಹೊಸ ಬಟ್ಟೆಯನ್ನು ಫಳಫಳ ಹೊಳೆಯುವ ಇಕ್ಕಳದಲ್ಲಿ ಹಿಡಿದು 'ಶುಚಿ' ಎಂದು ಒತ್ತಿದ. ಒಂದು ಸಾವಿರಕ್ಕೂ ಹೆಚ್ಚು ಸಲ. ದೊಡ್ಡಕ್ಕನ ಬೆರಳ ಸಂದು ಹುಣ್ಣಾದವು.

ಆದರೂ, ಸುಳ್ಳು ಹೇಳಬಾರದು, ಅವಳಿಗೆ ಹೆಮ್ಮೆಯಾಗಿತ್ತು. ಅವಳಿಗೆಂದು ಒಂದು ಕುರ್ಚಿ ತಂದು ಹಾಕಿದ್ದರು. ಸಂಜೆ ಅವ್ವನ ಮಂಚದ ಪಕ್ಕ ಕೂತು ಹೇಳಿದ್ದಳು: "ಅವ್ವಾ, ನೀನು ನನಗೆ ಕಲಿಸಿದ್ದನ್ನ ನಾನೊಂದು ಮೆಷಿನ್ನಿಗೆ ಕಲಿಸ್ತಾ ಇದೀನಿ."

ಅವ್ವ ಆಕ್ಸಿಜನ್ನಿನ ಮಾಸ್ಕು ಸರಿಸಿ ಕೇಳಿದ್ದಳು: "ಮೂಗಿದೆಯಾ ಅದಕ್ಕೆ?"

"ಇದೆಯಂತೆ."

"ಮತ್ತೆ ನೆಗಡಿ ಆದ್ರೆ ಸಿಂಬಳ ಸೀಟೋರು ಯಾರೇ?"

ಇಬ್ಬರೂ ನಕ್ಕಿದ್ದರು. ನಗುತ್ತಾ ಅವ್ವ ಕೆಮ್ಮಿದ್ದಳು. ಕೆಮ್ಮು ನಿಂತ ಮೇಲೆ ಮೆತ್ತಗೆ ಹೇಳಿದ್ದಳು: "ಎಲ್ಲಾ ಕಲಿಸು. ಕಡೇದು ಮಾತ್ರ ಕಲಿಸ್ಬೇಡ."

ಹನ್ನೊಂದನೆಯ ದಿನ ಮೇಷ್ಟ್ರು, "ಇನ್ಯಾವುದಾದ್ರೂ ವಾಸನೆ ಉಳಿದಿದೆಯಾ?" ಎಂದು ಕೇಳಿದಾಗ ದೊಡ್ಡಕ್ಕ, "ಇಲ್ಲ ಸಾರ್," ಎಂದಿದ್ದಳು.

ಬಾಗಿಲಿಗೆ ಪೆಟ್ಟಿಗೆ ಕೂರಿಸಿದ್ದು ಗುರುವಾರ. ಶುಕ್ರವಾರ ಅವಳು ಕೈಗಳನ್ನು ಬೂದಿಯಲ್ಲಿ ತಿಕ್ಕಿದಳು. ಆಮೇಲೆ ಉಪ್ಪು. ಆಮೇಲೆ ಹಂಡೆಯ ತಳ ಉಜ್ಜುವ ಕಲ್ಲು. ಹುಣ್ಣಾಗಿದ್ದ ಕಡೆ ರಕ್ತ ಜಿನುಗಿತು. ಸೂಪರ್‌ವೈಸರ್ ಹತ್ತಿರ ಹೋದಳು. ಅವನು ಆಪರೇಷನ್ ಕೋಣೆಯ ಔಷಧಿ ಸೋಪು ಕೊಟ್ಟ. "ಚೆನ್ನಾಗಿ ತೊಳ್ಕೊ. ಜನ್ಮದ್ದೆಲ್ಲ ಒಂದೇ ದಿನಕ್ಕೆ ಹೋಗುತ್ತಾ? ಎರಡ್ಮೂರು ದಿನ ಬೇಕು."

ತೊಳೆದಳು. ಮೂರನೇ ಮಹಡಿ ಹತ್ತಿದಳು. ಕೈ ಚಾಚಿದಳು.

ಕೆಂಪು. ದಯವಿಟ್ಟು ಪಕ್ಕಕ್ಕೆ ನಿಲ್ಲಿ.

ಅವ್ವನನ್ನು ಮಂಚದ ಸಮೇತ ಬಾಗಿಲಿಗಾದರೂ ತನ್ನಿ ಎಂದು ನರ್ಸನ್ನು ಕೇಳಿದಳು. ಆಕ್ಸಿಜನ್ನಿನ ಪೈಪು ಗೋಡೆಗೆ ಸಿಕ್ಕಿಸಿದೆ, ಇಷ್ಟು ದೂರಕ್ಕೆ ಬರುವುದಿಲ್ಲ ಎಂದಳು ನರ್ಸು. ಗಾಜಿನ ಆಚೆ ಆ ಪಾದ ಬರಿದಾಗಿಯೇ ಇತ್ತು. ಅದೇ ಮಂಚದ ಮೇಲಿನ ಬೆಡ್‌ಶೀಟು ಅವಳೇ ಒಗೆದದ್ದು. ಮೂಲೆಯ ಹೊಲಿಗೆ ನೋಡಿದರೆ ಗೊತ್ತಾಗುತ್ತಿತ್ತು. ಅವಳು ಒಗೆದ ಬಟ್ಟೆ ಒಳಗಿತ್ತು. ಅವಳು ಹೊರಗಿದ್ದಳು.

ಕಸದಣ್ಣ ಡ್ರಮ್ಮು ಹೊತ್ತು ಬಂದ. ದೊಡ್ಡಕ್ಕ ಅವನ ಕೈ ಹಿಡಿದುಕೊಂಡಳು.

"ಅಣ್ಣಾ, ಕಡೇ ಮಂಚದ ಮುದುಕಿ ನನ್ನವ್ವ. ಒಂದು ಕಾಲುಚೀಲ ಬಿದ್ದುಹೋಗಿದೆ. ಹುಡುಕಿ ಹಾಕ್ತೀಯಾ?"

ಅವನು ಪೆಟ್ಟಿಗೆಗೆ ಕೈ ತೋರಿಸಿ ಒಳಗೆ ಹೋದ. ಗಾಜಿನ ಆಚೆ ಅವನು ಬಗ್ಗಿದ್ದು ಕಂಡಿತು. ಮಂಚದ ಕೆಳಗಿಂದ ನೀಲಿ ಕಾಲುಚೀಲ ತೆಗೆದ. ಧೂಳು ಕೊಡವಿದ. ಆ ಗೂನು ಬೆನ್ನಿನವನು ಮಗುವಿಗೆ ಹಾಕುವ ಹಾಗೆ ಒಂದೊಂದೇ ಬೆರಳು ಸೇರಿಸಿ ಹಾಕಿದ. ಹೊರಗೆ ಬಂದವನ ಮುಖ ಬೇರೆಯಾಗಿತ್ತು.

"ಹಾಕ್ದೆ. ಮುದುಕಿ ಏನೋ ಅಂದ್ಳು. ಒಗೆದ ಬಟ್ಟೆಯ ಹಾಗೆ ಅಂತೇನೋ. ಅಂದು ನನ್ನ ಮುಖಾನೇ ನೋಡ್ತಾ ಕೂತ್ಲು. ಮುಂದಿಂದು ನನಗೇನು ಗೊತ್ತು ತಾಯಿ?"

ದೊಡ್ಡಕ್ಕ ಅವನನ್ನು ಗೋಡೆಯ ಪಕ್ಕಕ್ಕೆ ಕರೆದಳು. ಅಲ್ಲೇ ನಿಂತು ಅವನಿಗೆ ಎರಡನೆಯ ಸಾಲು ಹೇಳಿಕೊಟ್ಟಳು. ಅವನು ನಾಲ್ಕು ಸಲ ಹೇಳಿದ. ನಾಳೆ ಖಂಡಿತ ಹೇಳ್ತೀನಿ ಎಂದ. ನಾಳೆ ಕುಡಿಯಲ್ಲ ಎಂದೂ ಹೇಳಿದ.

ಶನಿವಾರ ಅವನು ಕುಡಿಯದೆ ಬಂದ. ಕೈ ನಡುಗುತ್ತಿದ್ದವು. ಹಸಿರು ದೀಪ ದಾಟಿ ಒಳಗೆ ಹೋದ. ಬಂದು ತಲೆ ತಗ್ಗಿಸಿಕೊಂಡು ನಿಂತ.

"ಅರ್ಧ ಮರ್ತೋಯ್ತು. ಮಡಿಸಿ ಮಡಿಸಿ ಅಂತ ಅಲ್ಲೇ ನಿಂತ್ಬಿಟ್ಟೆ. ಮುದುಕಿ ನಕ್ಬಿಟ್ಲು. ದಡ್ಡಾ ಅಂದ್ಳು."

ಅವ್ವ ನಕ್ಕಳು ಎನ್ನುವ ಸುದ್ದಿ ದೊಡ್ಡಕ್ಕನಿಗೆ ಆ ವಾರದಲ್ಲಿ ಸಿಕ್ಕಿದ ಒಂದೇ ಒಂದು ಊಟ. ಅದನ್ನೇ ಅಗಿಯುತ್ತಾ ಮೆಟ್ಟಿಲು ಇಳಿದಳು.

ಅವತ್ತೇ ಮಧ್ಯಾಹ್ನ ಗಿಡ್ಡಿಯನ್ನು ಕಳಿಸಿ ನೋಡಿದಳು. "ನೀನಾದ್ರೂ ಹೋಗೇ. ನಿನಗೆ ಪದ ಪೂರ್ತಿ ಬರುತ್ತೆ." ಗಿಡ್ಡಿ ಮೈ ತೊಳೆದು, ಟ್ರಂಕಿನಲ್ಲಿಟ್ಟಿದ್ದ ಹೊಸ ಬಟ್ಟೆ ಹಾಕಿಕೊಂಡು ಹೋದಳು. ಐದೇ ನಿಮಿಷದಲ್ಲಿ ತಿರುಗಿ ಬಂದಳು. ಹಂಡೆಯ ಪಕ್ಕದ ಇಟ್ಟಿಗೆಯ ಮೇಲೆ ಕುಕ್ಕರಿಸಿದಳು.

"ನನಗೂ ಕೆಂಪು, ಅಕ್ಕ."

ಹಂಡೆ ಕೊತಕೊತ ಕುದಿಯುತ್ತಿತ್ತು.

"ಅಡುಗೆಯವಳಿಗೆ ಹಸಿರು," ಎಂದಳು ಗಿಡ್ಡಿ. "ಇಸ್ತ್ರಿಯವಳಿಗೆ ಹಸಿರು. ಅವಳೂ ಇದೇ ಕೋಣೆಲಿ ಸಾಯ್ತಾಳೆ, ಇದೇ ಸೋಪು ಮುಟ್ತಾಳೆ. ಆ ಕುಡುಕಂಗೂ ಹಸಿರು. ಇಡೀ ಆಸ್ಪತ್ರೇಲಿ ನಮ್ಮಿಬ್ಬರಿಗೇ ಯಾಕಕ್ಕ? ನಾವೇನು ಅದರ ಮನೆ ಸೊಸೇರಾ?"

ದೊಡ್ಡಕ್ಕ ತನ್ನ ಕೈ ನೋಡಿಕೊಂಡಳು. ಮೂಗಿನ ಹತ್ತಿರ ತಂದಳು. ಔಷಧಿ ಸೋಪು, ಬೂದಿ, ರಕ್ತ. ಅದರ ಕೆಳಗೆ ಅವಳದೇ ವಾಸನೆ. ಹುಟ್ಟಿದಾಗಿನಿಂದ ಇದ್ದದ್ದು. ಅವ್ವನ ಕೈಯಲ್ಲೂ ಇದ್ದದ್ದು.

"ಗ್ಲೌಸ್ ತೆಗೀರಿ ಅಂದ," ಎಂದಳು ನಿಧಾನಕ್ಕೆ.

"ಯಾರು?"

"ಮೇಷ್ಟ್ರು. ರಬ್ಬರಿನ ವಾಸನೆ ಸೇರ್ಕೊಳ್ಳುತ್ತೆ ಅಂದ. ಹಂಗಾದ್ರೆ ಕೈದು ಸೇರ್ಕೊಳ್ಳಲ್ವಾ? ಕೊಳಕು ಹಿಡಿದಾಗೆಲ್ಲ ಅದರ ಮುಂದೆ ಇದ್ದದ್ದು ಯಾರ ಕೈ? ಒಂದು ದಿನ ಕೀವು. ಒಂದು ದಿನ ಹೇಲು. ಬಟ್ಟೆ ಬದಲಾಯ್ತು. ಕೈ ಬದಲಾಗ್ಲಿಲ್ಲ. ಆ ಮಗು ಏನು ಕಲೀಬೇಕು ಹೇಳು? ಇದೇ ಕೊಳಕು ಅಂತ ನಮ್ಮ ಕೈನೇ ಕಲಿತು."

ಗಿಡ್ಡಿ ತನ್ನ ಎರಡೂ ಅಂಗೈ ಮೂಗಿಗೆ ಹಿಡಿದು ಮೂಸಿದಳು.

ರಬ್ಬರಿಗೆ ವಾಸನೆ ಇದೆ ಎಂದು ಮೇಷ್ಟ್ರಿಗೆ ಹೊಳೆದಿತ್ತು. ಇಕ್ಕಳ ಕೊಳೆಯಾಗುತ್ತದೆ ಎಂದು ಹೊಳೆದಿತ್ತು. ಎದುರಿಗಿದ್ದ ಇಬ್ಬರು ಹೆಂಗಸರ ಕೈ, ಕೈ ಎಂದು ಹೊಳೆದಿರಲಿಲ್ಲ. ಅದು ಕೊಳಕಿನ ಹಿಡಿಕೆ, ಅಷ್ಟೇ.

ದೊಡ್ಡಕ್ಕ ಸೂಪರ್‌ವೈಸರ್ ಕೋಣೆಗೆ ಹೋದಳು. ಹೇಳಿದಳು. ಅವನು ಕುರ್ಚಿ ಹಿಂದಕ್ಕೆ ವಾಲಿಸಿ ನಕ್ಕ.

"ಏನೇ, ಯಂತ್ರಕ್ಕೆ ನಿನ್ನ ಮೇಲೆ ಹಗೆತನವಾ? ಅದಕ್ಕೇನು ಗೊತ್ತು ನೀನ್ಯಾರು ಅಂತ?"

"ಗೊತ್ತು ಸಾರ್. ಅದಕ್ಕೆ ಚೆನ್ನಾಗಿ ಗೊತ್ತಿರೋದು ನಾನೊಬ್ಬಳೇ."

ಅವನು ನಗು ನಿಲ್ಲಿಸಿದ. ಮೇಷ್ಟ್ರಿಗೆ ಫೋನ್ ಮಾಡಿದ. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ಇವಳು ಹೀಗಂತಾಳೆ ಎಂದು ಹೇಳಿದ.

"ಓ," ಎಂದಿತು ಫೋನು. "ಕೈ. ಹೌದಲ್ಲ. ಅದು ತಲೆಗೇ ಬರ್ಲಿಲ್ಲ."

"ಈಗೇನು ಮಾಡೋದು?" ಎಂದ ಸೂಪರ್‌ವೈಸರ್.

"ಮತ್ತೆ ಕಲಿಸ್ಬೇಕು. ಸೋಮವಾರ ಬರ್ತೀನಿ."

"ಸಾರ್," ದೊಡ್ಡಕ್ಕ ಮೇಜಿನ ಹತ್ತಿರ ಬಗ್ಗಿದಳು. ಫೋನಿಗೇ ಕೈ ಮುಗಿದಳು. "ಸೋಮವಾರದ ತನಕ ಅದನ್ನ ಆಫ್ ಮಾಡಿಸಿ ಸಾರ್. ನಮ್ಮವ್ವ ಸಾಯ್ತಾ ಇದಾಳೆ. ಒಂದೇ ಒಂದು ಸಲ ಒಳಗೆ ಬಿಡಿ."

"ಅದು ನನ್ನ ಕೈಲಿಲ್ಲಮ್ಮ. ಆಸ್ಪತ್ರೆಯವರು ಹೇಳ್ಬೇಕು."

ದೊಡ್ಡಕ್ಕ ಸೂಪರ್‌ವೈಸರ್ ಮುಖ ನೋಡಿದಳು. ಅವನು ಕಾಗದಗಳನ್ನು ಸರಿಮಾಡಿದ.

"ಒಬ್ಬಳಿಗೋಸ್ಕರ ಆಫ್ ಮಾಡೋಕಾಗುತ್ತಾ? ಒಳಗೆ ಇಪ್ಪತ್ತು ಜನ ಇದಾರೆ. ನಾಳೆ ಯಾರಿಗಾದ್ರೂ ಏನಾದ್ರೂ ಆದ್ರೆ ನನ್ನ ಕುತ್ತಿಗೆಗೆ ಬರುತ್ತೆ. ಎರಡು ದಿನ ತಾನೆ? ನಿಮ್ಮವ್ವ ಗಟ್ಟಿಗಿತ್ತಿ. ಏನಾಗಲ್ಲ, ಹೋಗು."

ಅವಳು ಮತ್ತೆ ಮಹಡಿ ಹತ್ತಿದಳು. ಈ ಸಲ ಪೆಟ್ಟಿಗೆಗೆ ಕೈ ಚಾಚಲಿಲ್ಲ. ಗಾಜಿಗೆ ಬಾಯಿ ಹಚ್ಚಿ ಎರಡನೆಯ ಸಾಲನ್ನು ಕೂಗಿದಳು. ಗಾಜು ಮಂಜಾಯಿತು. ಒಳಗಿನ ಮಂಚಗಳಲ್ಲಿ ಕೆಲವರು ತಲೆ ತಿರುಗಿಸಿದರು. ಕಡೆಯ ಮಂಚದ ಪಾದ ಅಲುಗಿತೋ, ಇವಳಿಗೇ ಹಾಗೆ ಕಂಡಿತೋ.

"ಬೇಡಕ್ಕ," ಎಂದ ಕಾವಲಿನವನು. ಅವನ ಕಣ್ಣಲ್ಲಿ ನೀರಿತ್ತು. ಕೈ ಮಾತ್ರ ಬಾಗಿಲಿಗೆ ಅಡ್ಡ ಇತ್ತು. "ನನಗೂ ಮಕ್ಕಳಿದಾವೆ."

ಭಾನುವಾರ ಕಸದಣ್ಣನಿಗೆ ರಜೆ.

ಭಾನುವಾರ ಸುದ್ದಿಗಿಂತ ಮೊದಲು ಗಂಟು ಬಂತು.

ಮಧ್ಯಾಹ್ನ ಎರಡು ಗಂಟೆಯ ಹೊತ್ತು. ಕೊಳವೆಯಲ್ಲಿ ಗಂಟುಗಳು ಒಂದರ ಹಿಂದೆ ಒಂದು ಬಿದ್ದವು. ದೊಡ್ಡಕ್ಕ ಎಂದಿನ ಹಾಗೆ ಬಗ್ಗಿದಳು. ಮೂರನೆಯ ಗಂಟಿನ ಹತ್ತಿರ ಅವಳ ಮೂಗು ನಿಂತಿತು.

ಆರಿದ ಒಲೆ. ತಣ್ಣನೆಯ ಬೂದಿ. ಕಡೆಯ ಹಾಸು.

ಅದರ ಅಡಿಯಲ್ಲಿ ಇನ್ನೊಂದು. ಅವ್ವ ಎದೆಗೆ ಹಚ್ಚಿಕೊಳ್ಳುತ್ತಿದ್ದ ಎಣ್ಣೆ. ಅವ್ವನ ತಲೆಗೂದಲು. ಚಿಕ್ಕಂದಿನಲ್ಲಿ ಮುಖ ಹುದುಗಿಸಿ ಮಲಗುತ್ತಿದ್ದ ಕಂಕುಳು.

ಅವಳು ಗಂಟು ಬಿಚ್ಚಲಿಲ್ಲ. ಅದರ ಮುಂದೆ ನೆಲದ ಮೇಲೆ ಕೂತಳು. ಗಿಡ್ಡಿ ದೂರದಿಂದ, "ಏನಕ್ಕ?" ಎಂದಳು. ಹತ್ತಿರ ಬಂದಳು. ಅವಳ ಮೂಗೂ ಕಲಿತ ಮೂಗೇ. ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಒಬ್ಬೊಬ್ಬರಾಗಿ ಹೆಂಗಸರು ಕೆಲಸ ನಿಲ್ಲಿಸಿದರು. ಮೆಷಿನ್ನುಗಳು ಮಾತ್ರ ತಿರುಗುತ್ತಿದ್ದವು.

ಕಡೆಗೆ ಗಂಟು ಬಿಚ್ಚಿದಾಗ ಮಡಿಕೆಯೊಳಗಿಂದ ನೀಲಿ ಕಾಲುಚೀಲ ಬಿತ್ತು. ಒಂದೇ. ಬಲಗಾಲಿನದು.

ಹದಿನೈದು ನಿಮಿಷದ ನಂತರ ಸೂಪರ್‌ವೈಸರ್ ಇಳಿದು ಬಂದ. ಮುಖವನ್ನು ಸಣ್ಣಗೆ ಮಾಡಿಕೊಂಡಿದ್ದ. "ಒಂದು ಬೇಜಾರಿನ ವಿಷಯ," ಎಂದು ಶುರು ಮಾಡಿದ. ಯಾರೂ ಅವನ ಕಡೆ ನೋಡಲಿಲ್ಲ.

ಹೆಣ ಇಡುವ ಕೋಣೆಯೂ ನೆಲಮಾಳಿಗೆಯಲ್ಲೇ ಇತ್ತು, ಲಾಂಡ್ರಿಯಿಂದ ಮೂವತ್ತು ಹೆಜ್ಜೆ. ಅದರ ಬಾಗಿಲಿಗೆ ಪೆಟ್ಟಿಗೆ ಇರಲಿಲ್ಲ. ಕಾವಲಿರಲಿಲ್ಲ. ಸತ್ತವರ ಹತ್ತಿರ ಹೋಗಲಿಕ್ಕೆ ಅವಳ ಕೈ ಯಾರಿಗೂ ಅಡ್ಡಿಯಾಗಲಿಲ್ಲ. ದೊಡ್ಡಕ್ಕ ಒಳಗೆ ಹೋದಳು. ಅವ್ವನ ಬಲಗಾಲು ಹಿಡಿದಳು. ಐಸಿನ ಹಾಗಿತ್ತು. ಕಾಲುಚೀಲ ಹಾಕಿದಳು. ಮೇಲಕ್ಕೆ ಎಳೆದು ಸರಿ ಮಾಡಿದಳು. ಅವ್ವನ ಬಾಯಿ ಒಂದಿಷ್ಟು ತೆರೆದಿತ್ತು. ಏನೋ ಹೇಳಿ, ಮುಂದಿನದಕ್ಕೆ ಕಾಯುತ್ತಿರುವ ಬಾಯಿ.

ಸಂಜೆಗೆ ಮಣ್ಣು ಮಾಡಿದರು. ಅದಕ್ಕೆ ಮೊದಲು ದೊಡ್ಡಕ್ಕ ಹಾಸನ್ನು ಒಗೆದಳು. ಹೊಸ ನೀರು. ಬರಿಗೈ. ಹುಣ್ಣಿಗೆ ಸೋಪು ತಾಗಿ ಉರಿಯಿತು. ಒಂದು ಏಟಿಗೆ ಅವ್ವನ ಸಾಲು. ಒಂದು ಏಟಿಗೆ ತನ್ನ ಸಾಲು. ಮಡಿಸಿ ಇಟ್ಟುಕೊ ತಂದೆ. ಹೆಂಗಸರು ಕೇಳಿಸಿಕೊಂಡು ನಿಂತರು. ಹಿಂಡಿ, ತಂತಿಯ ಮೇಲೆ ಹರವಿ ಹೋದಳು.

ಸೋಮವಾರ ಬೆಳಿಗ್ಗೆ ಅವಳು ಬಂದದ್ದು ಕೆಲಸಕ್ಕಲ್ಲ. ಒಗೆದವರೇ ಮಡಿಸಬೇಕಲ್ಲ, ಅದಕ್ಕೆ.

ತಂತಿಯಿಂದ ಹಾಸನ್ನು ತೆಗೆಯುವಾಗ ಲಿಫ್ಟಿನ ಬಾಗಿಲು ತೆರೆಯಿತು. ಸೂಪರ್‌ವೈಸರ್. ಹಿಂದೆ ಮೇಷ್ಟ್ರು. ತಳ್ಳುಗಾಡಿಯ ಮೇಲೆ ಬಿಳಿ ಪೆಟ್ಟಿಗೆ. ಪಕ್ಕದಲ್ಲಿ ಹೊಸ ಬಟ್ಟೆಯ ಪೊಟ್ಟಣಗಳು. ಹೊಳೆಯುವ ಇಕ್ಕಳ.

"ವಿಷಯ ಕೇಳಿ ಬೇಜಾರಾಯ್ತಮ್ಮ," ಎಂದ ಮೇಷ್ಟ್ರು. ನಿಜವಾಗಿಯೂ ಬೇಜಾರಾದ ದನಿ. "ಇನ್ಮುಂದೆ ಹೀಗಾಗಲ್ಲ. ಈ ಸಲ ಸರಿಯಾಗಿ ಕಲಿಸೋಣ. ಮೊದಲು ನಿಮ್ಮ ಖಾಲಿ ಕೈ ಹಿಡೀರಿ. ಆಮೇಲೆ ಬಟ್ಟೆ ಹಿಡೀರಿ. ಆಗ ಅದಕ್ಕೆ ವ್ಯತ್ಯಾಸ ಗೊತ್ತಾಗುತ್ತೆ."

"ಯಾವುದರದ್ದು?"

"ಅದೇ, ನಿಮ್ಮ ಕೈಗೂ ಕೊಳಕಿಗೂ."

ದೊಡ್ಡಕ್ಕ ಅವನನ್ನು ನೋಡಿದಳು. "ನಿಮಗೆ ಗೊತ್ತಾ ಸಾರ್?"

"ಏನು?"

"ಆ ವ್ಯತ್ಯಾಸ. ನಿಮಗೆ ಗೊತ್ತಿದ್ರೆ ತಾನೆ ಅದಕ್ಕೆ ಕಲಿಸೋದು?"

ಮೇಷ್ಟ್ರು ಸೂಪರ್‌ವೈಸರ್ ಕಡೆ ನೋಡಿದ. ಸೂಪರ್‌ವೈಸರ್ ಒಂದು ಹೆಜ್ಜೆ ಮುಂದೆ ಬಂದ. ಗಂಟುಗಳ ರಾಶಿಯ ಕಡೆ ಗಲ್ಲ ತೋರಿಸಿದ.

"ದುಃಖದಲ್ಲಿದೀಯ ಅಂತ ಸುಮ್ನಿದೀನಿ. ಒಂದು ಗಂಟೆ ಕೆಲಸ. ತಗೊಂಡು ಹಿಡಿ."

"ಹಿಡಿಯಲ್ಲ."

ಅವಳು ಕೂಗಲಿಲ್ಲ. ಅವ್ವನಿಗೆ ಪದ ಹೇಳುವ ದನಿಯಲ್ಲೇ ಹೇಳಿದಳು. ಆದರೆ ಇಡೀ ಲಾಂಡ್ರಿಗೆ ಕೇಳಿಸಿತು.

"ಹಿಡಿಯಲ್ಲ ಅಂದ್ರೆ? ಇದು ನಿನ್ನ ಕೆಲಸ."

"ಒಗೆಯೋದು ನನ್ನ ಕೆಲಸ. ಹೇಲು ಕೈಲಿ ಹಿಡ್ಕೊಂಡು ಅದರ ಮೂಗಿಗೆ ಒಡ್ಡೋದು ನನ್ನ ಕೆಲಸ ಅಂತ ಎಲ್ಲಿ ಬರೆದಿದೆ ತೋರಿಸಿ. ಇಕ್ಕಳ ಇದೆ. ಇವರ ಹತ್ರ ಎರಡು ಕೈ ಇದಾವೆ. ಇವರೇ ಹಿಡೀಲಿ."

"ನಾನು ಕಂಪ್ಯೂಟರ್ ನೋಡ್ಕೋಬೇಕಲ್ಲಮ್ಮ," ಎಂದ ಮೇಷ್ಟ್ರು.

"ಅದನ್ನ ಗಿಡ್ಡಿ ನೋಡ್ಕೊಳ್ತಾಳೆ. ಹನ್ನೊಂದು ದಿನ ನೋಡಿದಾಳೆ, ಯಾವ ಗುಂಡಿ ಒತ್ತಬೇಕು ಅಂತ ಅವಳಿಗೆ ಗೊತ್ತು."

"ಎಡಗಡೆದು ಕೊಳಕು, ಬಲಗಡೆದು ಶುಚಿ," ಎಂದಳು ಗಿಡ್ಡಿ. "ಒತ್ತೋಕೆ ಇಷ್ಟುದ್ದ ಇದ್ರೂ ಸಾಕು."

ಯಾರೂ ನಗಲಿಲ್ಲ.

"ನಿನ್ನನ್ನ ಇವತ್ತೇ ಆಚೆ ಹಾಕಿಸ್ತೀನಿ," ಎಂದ ಸೂಪರ್‌ವೈಸರ್.

"ಆಚೆಗೆ ಹಾಕಿಯಾಗಿದೆಯಲ್ಲ ಸಾರ್. ಗುರುವಾರದಿಂದ ಆಚೆನೇ ಇದೀನಿ."

ಅವಳು ಹಾಸನ್ನು ಬಿಡಿಸಿದಳು. ಬೆಡ್‌ಶೀಟು ದೊಡ್ಡದು, ಒಬ್ಬರೇ ಮಡಿಸಲಾಗುವುದಿಲ್ಲ. ಎರಡು ತುದಿಗೆ ಇಬ್ಬರು ಬೇಕು. ಎಷ್ಟೋ ವರ್ಷ ಆ ಕಡೆಯ ತುದಿಯಲ್ಲಿ ಅವ್ವ ಇರುತ್ತಿದ್ದಳು. ಆಮೇಲೆ ಯಾರೋ ಒಬ್ಬರು. ದೊಡ್ಡಕ್ಕ ತನ್ನ ಎರಡು ಮೂಲೆ ಹಿಡಿದು, ಇನ್ನೆರಡು ಮೂಲೆಗಳನ್ನು ಮೇಷ್ಟ್ರ ಕಡೆ ನೀಡಿದಳು.

"ಕೊಳಕು ಬೇಡ. ಇದನ್ನ ಹಿಡೀರಿ. ಒಗೆದಿದ್ದೇ. ಮೂಸಿ ನೋಡಿ ಬೇಕಾದ್ರೆ. ನಮ್ಮವ್ವ ಇದರ ಮೇಲೆ ಸತ್ತಳು. ಮಡಿಸೋಕೆ ಒಂದು ಕೈ ಬೇಕು."

ಬಿಳಿ ಬಟ್ಟೆ ಅವರಿಬ್ಬರ ನಡುವೆ ತೂಗಿತು. ಮೇಷ್ಟ್ರ ಕೈ ಮೇಲೆ ಬಂತು. ಅರ್ಧ ಬಂತು. ಅಲ್ಲೇ ನಿಂತಿತು. ಅವನ ಕಣ್ಣು ಒಂದು ಕ್ಷಣ ತಳ್ಳುಗಾಡಿಯ ಮೇಲಿನ ಇಕ್ಕಳವನ್ನು ಹುಡುಕಿತು.

ಅಷ್ಟೇ ಸಾಕಾಯಿತು. ಅವಳು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಅವನ ಕಿವಿ ಕೆಂಪಾದವು.

ಗಿಡ್ಡಿ ಇಟ್ಟಿಗೆಯಿಂದ ಇಳಿದು ಬಂದಳು. ಅವನ ಮುಂದಿನಿಂದ ಆ ಎರಡು ಮೂಲೆಗಳನ್ನು ತೆಗೆದುಕೊಂಡಳು. ತುದಿಗಾಲಲ್ಲಿ ನಿಂತು, ಬಟ್ಟೆ ನೆಲಕ್ಕೆ ತಾಗದ ಹಾಗೆ ಕೈ ಮೇಲೆತ್ತಿ ಹಿಡಿದಳು. ಇಬ್ಬರೂ ಹಿಂದಕ್ಕೆ ಸರಿದು ಬಿಗಿಯಾಗಿ ಎಳೆದರು. ಮುಂದಕ್ಕೆ ಬಂದರು. ಮೂಲೆಗೆ ಮೂಲೆ ಸೇರಿತು. ಮತ್ತೆ ಹಿಂದಕ್ಕೆ. ಮತ್ತೆ ಮುಂದಕ್ಕೆ. ಪ್ರತಿಸಲ ಹತ್ತಿರ ಬಂದಾಗ ನಾಲ್ಕು ಕೈ ಒಂದನ್ನೊಂದು ಮುಟ್ಟಿದವು.

ತಳ್ಳುಗಾಡಿಯ ಮೇಲೆ ಯಾರೋ ಮೊದಲೇ ಸ್ವಿಚ್ಚು ಹಾಕಿಬಿಟ್ಟಿದ್ದರು. ಪೆಟ್ಟಿಗೆ ಉಸಿರೆಳೆದುಕೊಂಡಿತು. ಎದುರಿಗೆ ಯಾರ ಕೈಯೂ ಇರಲಿಲ್ಲ. ಮತ್ತೆ ಎಳೆದುಕೊಂಡಿತು.

ದೊಡ್ಡಕ್ಕ ಮಡಿಸಿದ ಹಾಸನ್ನು ಎದೆಗೆ ಒತ್ತಿಕೊಂಡು ಆಸ್ಪತ್ರೆಯ ಹೊರಬಾಗಿಲ ಕಡೆಗೆ ಮೆಟ್ಟಿಲು ಹತ್ತಿದಳು.